ಸಾಲ ತೀರಿಸುವ ಶಕ್ತಿಯೇ ಉಳಿಯದಿದ್ದಾಗ: ಕರ್ನಾಟಕದಲ್ಲಿ ದಿವಾಳಿ ಅರ್ಜಿ ಸಲ್ಲಿಸುವ ಬಗೆ

ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ, ಅದರ ಬಡ್ಡಿಗೆ ಮತ್ತೊಬ್ಬರ ಬಳಿ ಕೈಸಾಲ ಎಂದು ಸಾಗಿ, ಕೊನೆಗೆ ತಿಂಗಳ ಗಳಿಕೆಯೆಲ್ಲ ಬಡ್ಡಿಗೇ ಸಾಲದಂತಾದವರಿಗೆ ನಮ್ಮ ಕಾನೂನಿನಲ್ಲಿ ಒಂದು ದಾರಿ ಇದೆ. ತನ್ನ ಸಾಲಗಳನ್ನು ತೀರಿಸುವ ಶಕ್ತಿ ತನಗಿಲ್ಲವೆಂದು ನ್ಯಾಯಾಲಯದ ಮುಂದೆ ಹೇಳಿಕೊಂಡು, ಇರುವ ಆಸ್ತಿಯನ್ನು ನ್ಯಾಯಾಲಯದ ವಶಕ್ಕೆ ಒಪ್ಪಿಸಿ, ಉಳಿದ ಸಾಲದಿಂದ ಬಿಡುಗಡೆ ಕೇಳುವ ದಾರಿ ಅದು. ಇದು ಸುಲಭದ ದಾರಿಯಲ್ಲ, ಬೇಗ ಮುಗಿಯುವ ದಾರಿಯೂ ಅಲ್ಲ. ಆದರೂ ಬೇರೆಲ್ಲ ಬಾಗಿಲು ಮುಚ್ಚಿದವರಿಗೆ ಇದು ನಿಜವಾದ ರಕ್ಷಣೆ ಕೊಡಬಲ್ಲದು. ಊರಿನಲ್ಲಿ ‘ಪಾಪರ್ ಆದ’ ಎನ್ನಿಸಿಕೊಳ್ಳುವ ಅವಮಾನಕ್ಕೆ ಹೆದರಿ ಜನ ಇದನ್ನು ಮುಂದೂಡುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಮನೆಯ ಒಡವೆ, ಮಕ್ಕಳ ಓದಿಗೆಂದು ಇಟ್ಟ ಹಣ, ಕಾನೂನಿನ ಪ್ರಕಾರ ಯಾರೂ ಮುಟ್ಟಲಾಗದ ಭವಿಷ್ಯ ನಿಧಿ ಎಲ್ಲವನ್ನೂ ಬಡ್ಡಿಗೆ ಸುರಿದುಬಿಡುತ್ತಾರೆ. ಅರ್ಜಿ ಸಲ್ಲಿಸುವುದಿದ್ದರೆ ಕೈಯಲ್ಲಿ ಇನ್ನೂ ಏನಾದರೂ ಉಳಿದಿರುವಾಗ ಮತ್ತು ಲೆಕ್ಕ ಸ್ಪಷ್ಟವಾಗಿರುವಾಗ ಸಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಲದ ಹಿಂಸೆ ತಾಳಲಾರದೆ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಮುಂದಿನದನ್ನು ಓದುವ ಮೊದಲು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಸಾಲ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಕಾನೂನಿನ ಉತ್ತರ ಇದೆ.

ಯಾವ ಕಾನೂನು ಅನ್ವಯಿಸುತ್ತದೆ

ಪತ್ರಿಕೆಗಳಲ್ಲಿ ದಿವಾಳಿಯ ಸುದ್ದಿ ಬಂದಾಗಲೆಲ್ಲ 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ ಎಂಬ ಹೆಸರು ಕಾಣುತ್ತದೆ. ಆ ಸಂಹಿತೆಯ ಮೂರನೆಯ ಭಾಗದಲ್ಲಿ ವ್ಯಕ್ತಿಗಳಿಗೂ ಅವಕಾಶವಿದೆ. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ರೂಪಾಯಿ ಮೀರದ ಆಸ್ತಿ, 35,000 ರೂಪಾಯಿ ಮೀರದ ಅರ್ಹ ಸಾಲ ಇರುವ, ಸ್ವಂತ ಮನೆಯಿಲ್ಲದ ಬಡವರ ಸಾಲವನ್ನು ಮನ್ನಾ ಮಾಡುವ ವಿಧಾನವನ್ನೂ ಅಲ್ಲಿ ಬರೆಯಲಾಗಿದೆ. ಆದರೆ ಆ ಭಾಗ ಸಾಮಾನ್ಯ ಜನರಿಗೆ ಜಾರಿಗೇ ಬಂದಿಲ್ಲ. 2019ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಆದ್ದರಿಂದ ಅಂಗಡಿಯವರು, ನೌಕರರು, ರೈತರು, ಕುಶಲಕರ್ಮಿಗಳು ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಕಡೆಗೆ ಹೋಗಬೇಕಾಗಿಲ್ಲ, ಹೋದರೂ ಪ್ರಯೋಜನವಿಲ್ಲ.

ಅವರಿಗೆ ಅನ್ವಯಿಸುವುದು ಬ್ರಿಟಿಷರ ಕಾಲದ, ಇಂದಿಗೂ ಜೀವಂತವಾಗಿರುವ 1920ರ ಪ್ರಾಂತೀಯ ದಿವಾಳಿತನ ಅಧಿನಿಯಮ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಲ್ಲಿ ಇದರ ಬದಲು 1909ರ ಪ್ರೆಸಿಡೆನ್ಸಿ ಪಟ್ಟಣಗಳ ದಿವಾಳಿತನ ಅಧಿನಿಯಮ ಇದೆ. ಮುಂಬೈಯಲ್ಲಿ ಹೋಟೆಲು, ಕ್ಯಾಂಟೀನು ನಡೆಸುವ ಕನ್ನಡಿಗರು ಅಲ್ಲಿನ ಹೈಕೋರ್ಟಿನ ದಿವಾಳಿ ವಿಭಾಗವನ್ನು ಕಾಣಬೇಕು. 1920ರ ಕಾನೂನು ಎಷ್ಟು ಹಳೆಯದೆಂದರೆ ಅರ್ಜಿ ಸಲ್ಲಿಸಲು ಇರಬೇಕಾದ ಕನಿಷ್ಠ ಸಾಲ 500 ರೂಪಾಯಿ ಎಂದೇ ಅದರಲ್ಲಿ ಇನ್ನೂ ಇದೆ. ಒಂದು ಕಾಲಕ್ಕೆ ಅದು ದೊಡ್ಡ ಮೊತ್ತ. ಈಗ ಆ ಮಿತಿಯಿಂದ ಯಾರಿಗೂ ಅಡ್ಡಿಯಾಗುವುದಿಲ್ಲ.

ಈ ಕಾನೂನಿನ 10ನೇ ಕಲಂ ಪ್ರಕಾರ ಸಾಲಗಾರ ತಾನೇ ಅರ್ಜಿ ಹಾಕಬೇಕಾದರೆ ಮೊದಲು ಸಾಲ ತೀರಿಸಲು ಅಶಕ್ತನಾಗಿರಬೇಕು. ಅದರ ಜೊತೆಗೆ, ಸಾಲ 500 ರೂಪಾಯಿಗೆ ಕಡಿಮೆ ಇರಬಾರದು, ಇಲ್ಲವೇ ಹಣದ ಡಿಕ್ರಿಯ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ, ಅಮಲ್ಜಾರಿಯಲ್ಲಿ ಬಂಧನವಾಗಿರಬೇಕು, ಇಲ್ಲವೇ ಆಸ್ತಿಯ ಮೇಲೆ ಜಪ್ತಿ ಆದೇಶ ಇರಬೇಕು. ಈ ಮೂರರಲ್ಲಿ ಒಂದು ಸಾಕು. ‘ಅಶಕ್ತ’ ಎಂಬುದನ್ನು ನ್ಯಾಯಾಲಯ ಗಂಭೀರವಾಗಿ ನೋಡುತ್ತದೆ. ಹತ್ತು ಲಕ್ಷ ಸಾಲವಿದ್ದು ಮೂವತ್ತು ಲಕ್ಷ ಬೆಲೆಯ ನಿವೇಶನವಿದ್ದರೆ, ಕೈಯಲ್ಲಿ ಕಾಸಿಲ್ಲ ಎಂಬ ಕಾರಣಕ್ಕೆ ಯಾರೂ ದಿವಾಳಿಯಾಗುವುದಿಲ್ಲ. ಅಂಥ ಅರ್ಜಿ ವಜಾ ಆಗುವ ಸಾಧ್ಯತೆಯೇ ಹೆಚ್ಚು.

ಮೊದಲು ಮನೆಯಲ್ಲಿ ಕುಳಿತು ಮಾಡಬೇಕಾದ ಲೆಕ್ಕ

ವಕೀಲರ ಬಳಿ ಹೋಗುವ ಮೊದಲೇ ಒಂದು ನೋಟುಪುಸ್ತಕದಲ್ಲಿ ಎಲ್ಲ ಸಾಲವನ್ನೂ ಬರೆಯಬೇಕು: ಕೊಟ್ಟವರ ಹೆಸರು, ವಿಳಾಸ, ಪಡೆದ ದಿನ, ಅಸಲು, ಬಡ್ಡಿ ದರ, ಈವರೆಗೆ ಕಟ್ಟಿದ್ದು, ಬಾಕಿ, ಏನಾದರೂ ಒತ್ತೆ ಇಟ್ಟಿದ್ದರೆ ಅದು, ಜಾಮೀನು ನಿಂತವರು, ಸಹಿ ಮಾಡಿಕೊಟ್ಟ ಪ್ರಾಮಿಸರಿ ನೋಟು ಅಥವಾ ಚೆಕ್ಕಿನ ಸಂಖ್ಯೆ. ಭಾವನಿಂದ, ಗೆಳೆಯನಿಂದ ಬಾಯಿಮಾತಿನಲ್ಲಿ ಪಡೆದ ಕೈಸಾಲವನ್ನೂ ಬಿಡಬಾರದು. ಅರ್ಜಿಯಲ್ಲಿ ಎಲ್ಲ ಸಾಲ, ಎಲ್ಲ ಆಸ್ತಿ ಇರಬೇಕೆಂದು 13ನೇ ಕಲಂ ಹೇಳುತ್ತದೆ. ಮರೆಮಾಚಿದ ಒಂದೇ ಒಂದು ಖಾತೆ ಇಡೀ ಅರ್ಜಿಯ ನಂಬಿಕೆಯನ್ನು ಕೆಡಿಸುತ್ತದೆ, ಬೇಕೆಂದೇ ಮುಚ್ಚಿಟ್ಟಿದ್ದು ಸಾಬೀತಾದರೆ ಒಂದು ವರ್ಷದವರೆಗಿನ ಸೆರೆಮನೆ ವಾಸಕ್ಕೂ ಎಡೆಯಾಗುತ್ತದೆ.

ಉದಾಹರಣೆಗೆ, ರಾಣೆಬೆನ್ನೂರಿನಂಥ ಊರಿನಲ್ಲಿ ಬಾಡಿಗೆ ಮಳಿಗೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಒಬ್ಬರನ್ನು ಊಹಿಸಿಕೊಳ್ಳೋಣ. ಬ್ಯಾಂಕಿನ ವೈಯಕ್ತಿಕ ಸಾಲ 3,20,000 ರೂಪಾಯಿ. ಅದಕ್ಕೆ ಅವರ ಭಾವಮೈದುನ ಜಾಮೀನು. ಬಟ್ಟೆ ಅಂಗಡಿಯ ಉದ್ದರಿ 85,000. ಮೂವರ ಕೈಸಾಲ ಸೇರಿ 2,40,000. ಚೀಟಿ ಎತ್ತಿದ ಮೇಲೆ ಕಟ್ಟದೆ ಉಳಿದ ಕಂತು 60,000. ಇವೆಲ್ಲ ಒತ್ತೆಯಿಲ್ಲದ ಸಾಲ, ಒಟ್ಟು 7,05,000. ಇವಲ್ಲದೆ ಬೈಕಿನ ಸಾಲ 45,000, ಒಡವೆಯ ಮೇಲಿನ ಸಾಲ 1,10,000. ಇವೆರಡಕ್ಕೂ ವಸ್ತುವಿನ ಭದ್ರತೆ ಇದೆ. ಹೆಂಡತಿ ಸದಸ್ಯೆಯಾಗಿರುವ ಸ್ವಸಹಾಯ ಸಂಘದ ಸಾಲವೂ ಮನೆಯ ಲೆಕ್ಕದಲ್ಲಿದೆ, ಆದರೆ ಅದು ಆಕೆಯ ಹೆಸರಿನ ಸಾಲ. ಗಂಡನ ಅರ್ಜಿಯಿಂದ ಅದು ನಿಲ್ಲುವುದೂ ಇಲ್ಲ, ಕರಗುವುದೂ ಇಲ್ಲ.

ಆಸ್ತಿಯ ಪುಟದಲ್ಲಿ ಎರಡು ಹೊಲಿಗೆ ಯಂತ್ರ, ಮಳಿಗೆಯ ಮಾಲೀಕರಿಗೆ ಕೊಟ್ಟ ಮುಂಗಡ 50,000, ಪಿತ್ರಾರ್ಜಿತ ಜಾಗದಲ್ಲಿ ತನ್ನ ಪಾಲು ಎಂದು ಅಂದಾಜು 2,50,000, ಒಂದು ಜೀವವಿಮಾ ಪಾಲಿಸಿ, ಬ್ಯಾಂಕಿನಲ್ಲಿ 6,000, ಮನೆಯ ಪಾತ್ರೆ ಪಗಡೆ. ಪಾಲಾಗದ ಪಿತ್ರಾರ್ಜಿತ ಆಸ್ತಿ ತನ್ನದಲ್ಲವೆಂದು ಅನೇಕರು ಅದನ್ನು ಬರೆಯುವುದೇ ಇಲ್ಲ, ಬರೆಯಬೇಕು. ಒತ್ತೆಗಿಟ್ಟ ಒಡವೆ ಹೆಂಡತಿಯ ತವರಿನದಾಗಿದ್ದರೆ ಅದು ಆಕೆಯ ಸ್ತ್ರೀಧನವೆಂದು ಸ್ಪಷ್ಟವಾಗಿ ನಮೂದಿಸಬೇಕು.

ಈ ಲೆಕ್ಕ ಬರೆಯುವಾಗಲೇ ಕೆಲವು ಸಾಲಗಳ ಪೊಳ್ಳುತನ ಗೊತ್ತಾಗುತ್ತದೆ. ಸಾಲದ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ ಮೂರು ವರ್ಷ. ಆ ಅವಧಿ ಮುಗಿಯುವ ಮೊದಲೇ ಸಾಲವನ್ನು ಒಪ್ಪಿ ಸಹಿ ಮಾಡಿಕೊಟ್ಟರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ಸಹಿಯ ಬರಹವಿದ್ದರೆ, ಎಣಿಕೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ವಸೂಲಿಗೆ ಬಂದವರು ನೀಡುವ ಕಾಗದಕ್ಕೆ ಓದದೆ ಸಹಿ ಹಾಕಬಾರದು. ಲೇವಾದೇವಿ ಪರವಾನಗಿಯಿಲ್ಲದವರು, ಮಿತಿಮೀರಿದ ಬಡ್ಡಿ ಹಾಕಿದವರು ಇದ್ದರೆ ಅದನ್ನೂ ಗುರುತು ಮಾಡಿಟ್ಟುಕೊಳ್ಳಬೇಕು. ಕರ್ನಾಟಕದ 1961ರ ಲೇವಾದೇವಿದಾರರ ಕಾಯ್ದೆ ಮತ್ತು 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆ ಅಂಥ ಕಡೆ ನೆರವಿಗೆ ಬರುತ್ತವೆ.

ಕಿತ್ತುಕೊಳ್ಳಲಾಗದ ವಸ್ತುಗಳು

ದಿವಾಳಿಯೆಂದರೆ ಮನೆಯಿಂದ ಹೊರಹಾಕಿ ಬಟ್ಟೆಬರೆಯನ್ನೂ ಹರಾಜು ಹಾಕುತ್ತಾರೆ ಎಂಬ ಭಯ ಬಹಳ ಜನರಲ್ಲಿದೆ. ಅದು ಸರಿಯಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಯಾವುದನ್ನು ಜಪ್ತಿ ಮಾಡಬಾರದೆಂದು ಹೇಳುತ್ತದೆಯೋ ಅದು ದಿವಾಳಿಯಲ್ಲೂ ಸಾಲಗಾರನ ಬಳಿಯೇ ಉಳಿಯುತ್ತದೆ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಧಾರ್ಮಿಕ ಆಚಾರದಂತೆ ಹೆಂಗಸರು ತೆಗೆಯಲಾಗದ ಮಂಗಳಸೂತ್ರದಂಥ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ, ಬದುಕಿಗೆ ಬೇಕಾದ ಎತ್ತು ಮತ್ತು ಬೀಜದ ಧಾನ್ಯ, ರೈತ ಅಥವಾ ಕೂಲಿಕಾರ ತಾನೇ ವಾಸವಾಗಿರುವ ಮನೆ, ಸರ್ಕಾರಿ ಪಿಂಚಣಿ, ಭವಿಷ್ಯ ನಿಧಿ, ಸಾಲಗಾರನ ಜೀವದ ಮೇಲಿನ ವಿಮೆಯ ಹಣ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ದರ್ಜಿಯ ಹೊಲಿಗೆ ಯಂತ್ರ ಮತ್ತು ಪಾಲಿಸಿ ಹೀಗೆ ಉಳಿಯುತ್ತವೆ. ಮಳಿಗೆಯ ಮುಂಗಡ ಮತ್ತು ಜಾಗದ ಪಾಲು ಹೋಗುತ್ತವೆ. ರೈತನ ಮನೆ ಉಳಿದರೂ ಹೊಲಕ್ಕೆ ಆ ರಕ್ಷಣೆ ಇಲ್ಲವೆಂಬುದನ್ನು ಮರೆಯಬಾರದು.

ಸಂಬಳದಾರರಿಗೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. ತಿಂಗಳಿಗೆ 25,000 ಬರುವವರಿಗೆ 1,000 ಮತ್ತು 24,000ದ ಮೂರನೇ ಎರಡು ಭಾಗವಾದ 16,000, ಒಟ್ಟು 17,000 ಉಳಿಯುತ್ತದೆ. 8,000ಕ್ಕಿಂತ ಹೆಚ್ಚು ಜಪ್ತಿ ಮಾಡಲಾಗದು. ಭವಿಷ್ಯ ನಿಧಿಯ ಹಣವನ್ನು ತೆಗೆದು ಖಾಸಗಿ ಬಡ್ಡಿಗೆ ಕಟ್ಟುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಯಾವ ಡಿಕ್ರಿಯೂ ತಲುಪಲಾಗದ ಹಣವನ್ನು ಅವರು ತಾವಾಗಿಯೇ ಒಪ್ಪಿಸಿರುತ್ತಾರೆ.

ಸಾಲ ತೀರಿಸದಿದ್ದರೆ ಜೈಲು ಎಂಬ ಬೆದರಿಕೆಯ ಬಗ್ಗೆಯೂ ಒಂದು ಮಾತು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರ ವಿಷಯದಲ್ಲೂ, ಹಣವಿದ್ದೂ ದುರುದ್ದೇಶದಿಂದ ಕೊಡದಿದ್ದಾಗ ಮಾತ್ರ ಸಿವಿಲ್ ಬಂಧನ ಸಾಧ್ಯ, ಬಡತನವೊಂದೇ ಅದಕ್ಕೆ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ.

ಈ ದಾರಿಯಿಂದ ಕರಗದ ಸಾಲ

ದಿವಾಳಿ ಅರ್ಜಿ ಎಲ್ಲ ಸಾಲಕ್ಕೂ ಮದ್ದಲ್ಲ. ಅಡಮಾನ, ಗಿರವಿ, ವಾಹನದ ಮೇಲಿನ ಹಕ್ಕು ಹೀಗೆ ಭದ್ರತೆ ಪಡೆದು ಸಾಲ ಕೊಟ್ಟವರು ಆ ವಸ್ತುವನ್ನು ಮಾರಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಮನೆ ಸಾಲದ ಬಾಕಿಗೆ ಬ್ಯಾಂಕು, ಒತ್ತೆಯ ಆಸ್ತಿಯನ್ನು ತಾನೇ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟಿದ್ದರೆ ಅದಕ್ಕೆ ಉತ್ತರವನ್ನು ಆ ಕಾಯ್ದೆಯಲ್ಲಿಯೇ, ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿಯೇ ಹುಡುಕಬೇಕು. ಕೃಷಿ ಭೂಮಿಯ ಮೇಲಿನ ಭದ್ರತೆಗೆ ಸರ್ಫೇಸಿ ಅನ್ವಯಿಸುವುದಿಲ್ಲವೆಂಬುದು ರೈತರಿಗೆ ತಿಳಿದಿರಬೇಕು.

ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಆದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿದ ಜೀವನಾಂಶ ಇವು ಋಣಮುಕ್ತಿಯ, ಅಂದರೆ ಉಳಿದ ಸಾಲದಿಂದ ನ್ಯಾಯಾಲಯ ಕೊಡುವ ಬಿಡುಗಡೆಯ ಬಳಿಕವೂ ಉಳಿಯುತ್ತವೆ. ಜಾಮೀನುದಾರನಿಗೂ ಬಿಡುಗಡೆ ಇಲ್ಲ. ಉದಾಹರಣೆಯ ಭಾವಮೈದುನನ ಮನೆ ಬಾಗಿಲಿಗೆ ಬ್ಯಾಂಕು ಹೋಗಿಯೇ ಹೋಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಅವರನ್ನು ಕೂರಿಸಿಕೊಂಡು ವಿಷಯ ತಿಳಿಸುವುದು ಕರ್ತವ್ಯ. ಅವರು ಅದನ್ನು ನೋಟಿಸಿನಿಂದ ತಿಳಿದುಕೊಳ್ಳುವಂತಾಗಬಾರದು.

ಚೆಕ್ ಬೌನ್ಸ್ ಪ್ರಕರಣದ ವಿಷಯದಲ್ಲಿ ಹೆಚ್ಚು ಜನ ಮೋಸ ಹೋಗುತ್ತಾರೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕ್ರಿಮಿನಲ್ ಸ್ವರೂಪದ್ದು. ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ವಿಧಿಸಬಹುದು, ಮತ್ತು ದಿವಾಳಿ ಅರ್ಜಿ ಅದಕ್ಕೆ ತಡೆಯಾಗುವುದಿಲ್ಲ. ನೋಟಿಸು ಕೈಸೇರಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಆಗುವುದಿಲ್ಲ. ಅದು ಸಾಧ್ಯವಿಲ್ಲದಿದ್ದರೆ ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಖಾಲಿ ಚೆಕ್ ಕೊಟ್ಟ ಸಾಲಗಳನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಬರೆದು ಮೊದಲ ದಿನವೇ ವಕೀಲರಿಗೆ ತೋರಿಸಿ.

ಅರ್ಜಿಗೆ ಮೊದಲು ನೋಡಬಹುದಾದ ದಾರಿ

ನಮ್ಮ ದರ್ಜಿಯ ಸಾಲದಲ್ಲಿ ಹೆಚ್ಚಿನದು ಬ್ಯಾಂಕಿನದ್ದೇ ಆಗಿದ್ದರೆ ಒಂದೇ ಬಾರಿಗೆ ಇತ್ಯರ್ಥ ಮಾಡಿಕೊಳ್ಳುವ ಒಟಿಎಸ್ ಅಥವಾ ಕಂತಿನ ಮರುಹೊಂದಾಣಿಕೆ ಸಾಕಾಗಬಹುದು. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲಾಗದ ಮೊತ್ತಕ್ಕೆ ಒತ್ತಡದಲ್ಲಿ ಒಪ್ಪಿಕೊಳ್ಳಬೇಡಿ. ವಸೂಲಿಯವರ ಕಿರುಕುಳವೊಂದೇ ಸಮಸ್ಯೆಯಾಗಿದ್ದರೆ ದಿವಾಳಿ ಬೇಕಾಗುವುದಿಲ್ಲ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟಪಡಿಸಿದೆ. ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448 ಇದೆ. ಮೈಕ್ರೋ ಫೈನಾನ್ಸ್ ಕಿರುಕುಳದ ಆತ್ಮಹತ್ಯೆಗಳ ಬಳಿಕ ಕರ್ನಾಟಕ ಸರ್ಕಾರ 2025ರಲ್ಲಿ ಬಲವಂತದ ವಸೂಲಿಯ ವಿರುದ್ಧ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿವರೆಗೆ ದಂಡದ ಅವಕಾಶವಿದೆ.

ಮೊಬೈಲಿನಲ್ಲಿ ಜಾಹೀರಾತು ಹಾಕುವ ‘ಸಾಲ ಮುಕ್ತಿ’ ಕಂಪನಿಗಳಿಂದ ದೂರವಿರಿ ಎಂದೇ ನನ್ನ ಸಲಹೆ. ಮೊದಲೇ ಶುಲ್ಕ ಪಡೆದು, ಕಂತು ಕಟ್ಟುವುದನ್ನು ನಿಲ್ಲಿಸಿ ಎಂದು ಹೇಳಿ, ಮೊಕದ್ದಮೆ ಬಿದ್ದಾಗ ಸಿಗದೇ ಹೋಗುವವರ ಕೈಗೆ ಉಳಿದ ನಾಲ್ಕು ಕಾಸನ್ನೂ ಕೊಡಬೇಕಾಗಿಲ್ಲ.

ಅರ್ಜಿ ಸಲ್ಲಿಸುವುದು

ಸಾಲಗಾರ ವಾಸವಿರುವ, ವ್ಯಾಪಾರ ಮಾಡುವ ಅಥವಾ ದುಡಿಯುವ ಸ್ಥಳದ ಮೇಲೆ ಅಧಿಕಾರವಿರುವ ಜಿಲ್ಲಾ ನ್ಯಾಯಾಲಯ, ಅಥವಾ ಸರ್ಕಾರ ಅಧಿಸೂಚನೆಯ ಮೂಲಕ ಈ ಅಧಿಕಾರ ಕೊಟ್ಟಿರುವ ಅಧೀನ ಸಿವಿಲ್ ನ್ಯಾಯಾಲಯ ಈ ಅರ್ಜಿಯನ್ನು ಸ್ವೀಕರಿಸುತ್ತದೆ. ನಿಮ್ಮ ತಾಲ್ಲೂಕಿಗೆ ಯಾವುದೆಂದು ನ್ಯಾಯಾಲಯದ ಕಚೇರಿಯಲ್ಲಿಯೇ ಕೇಳಿ ತಿಳಿಯಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ಅದೇ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ನಿಗದಿತ ಮಿತಿಯೊಳಗಿನ ಆದಾಯದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರಿಗೆ ಹಕ್ಕುಳ್ಳವರು. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ದಿವಾಳಿ ಅರ್ಜಿ ನಡೆಸಿದ ಅನುಭವವಿರುವ ವಕೀಲರು ಕಡಿಮೆ. ಹಿಂದೆ ಇಂಥ ಪ್ರಕರಣ ನಡೆಸಿದ್ದೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಅರ್ಜಿಯಲ್ಲಿ ಸಾಲ ತೀರಿಸಲು ಅಶಕ್ತನೆಂಬ ಹೇಳಿಕೆ, ವಾಸಸ್ಥಳ, ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು ಮತ್ತು ವಿಳಾಸ, ಪ್ರತಿ ಸಾಲದ ವಿವರ, ಪ್ರತಿ ಆಸ್ತಿಯ ಬೆಲೆ ಮತ್ತು ಅದಿರುವ ಸ್ಥಳ, ಜಪ್ತಿಯಿಂದ ವಿನಾಯಿತಿ ಇರುವುದನ್ನು ಬಿಟ್ಟು ಉಳಿದ ಆಸ್ತಿಯನ್ನೆಲ್ಲ ನ್ಯಾಯಾಲಯದ ವಶಕ್ಕೆ ಕೊಡಲು ಸಿದ್ಧನಿದ್ದೇನೆಂಬ ಘೋಷಣೆ, ಹಿಂದೆ ಎಂದಾದರೂ ದಿವಾಳಿ ಅರ್ಜಿ ಹಾಕಿದ್ದರೆ ಅದರ ಸಂಗತಿ ಇಷ್ಟೂ ಇರಬೇಕು. ಬ್ಯಾಂಕ್ ಪಾಸ್‌ಬುಕ್, ಸಾಲದ ಒಪ್ಪಂದ, ನೋಟಿಸು, ಆಸ್ಪತ್ರೆಯ ಬಿಲ್ಲು, ಅಂಗಡಿಯ ಉದ್ದರಿ ಪುಸ್ತಕ, ಪಹಣಿ ಅಥವಾ ಖಾತೆಯ ನಕಲು ಜೊತೆಗಿರಲಿ. ಸಾಲ ಏಕೆ ಬೆಳೆಯಿತೆಂಬ ಕಥನವನ್ನು ದಿನಾಂಕಗಳೊಂದಿಗೆ ಒಂದು ಪುಟದಲ್ಲಿ ಬರೆದುಕೊಂಡು ಹೋದರೆ ವಕೀಲರ ಕೆಲಸ ಅರ್ಧ ಮುಗಿದಂತೆ. ಮುಂದೆ ಋಣಮುಕ್ತಿಯ ವೇಳೆಗೆ ಆ ಪುಟವೇ ನಿಮ್ಮ ದೊಡ್ಡ ಬಲ.

ಅರ್ಜಿ ಹಾಕುವ ಮುನ್ನ ಎರಡು ಕೆಲಸಗಳನ್ನು ಮಾಡಲೇಬಾರದು. ಜಾಗವನ್ನೋ ಮನೆಯನ್ನೋ ಹೆಂಡತಿ, ತಮ್ಮ, ಮಗನ ಹೆಸರಿಗೆ ದಾನಪತ್ರ ಮಾಡುವುದು ಒಂದು: ವರ್ಗಾವಣೆಯಾದ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ, ಸದ್ಭಾವದಿಂದ ಬೆಲೆ ಕೊಟ್ಟು ಕೊಂಡವರದ್ದಲ್ಲದ ಅಂಥ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಸಾಲ ಕೊಟ್ಟವರಲ್ಲಿ ಬೇಕಾದವರಿಗೆ ಮಾತ್ರ ತೀರಿಸಿ ಉಳಿದವರನ್ನು ಕೈಬಿಡುವುದು ಇನ್ನೊಂದು: ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಹೀಗೆ ಪಕ್ಷಪಾತದಿಂದ ಕೊಟ್ಟದ್ದನ್ನು ರಿಸೀವರ್, ಅಂದರೆ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ಅಧಿಕಾರಿ, ಹಿಂದಕ್ಕೆ ಪಡೆಯಬಹುದು. ಭಾವನ ಕೈಸಾಲವನ್ನಾದರೂ ಮರ್ಯಾದೆಯಿಂದ ತೀರಿಸಿಬಿಡೋಣ ಎಂಬ ಮನಸ್ಸು ಅರ್ಥವಾಗುವಂಥದ್ದೇ. ಆದರೆ ಅದರಿಂದ ಭಾವನೂ ನ್ಯಾಯಾಲಯ ಹತ್ತಬೇಕಾಗುತ್ತದೆ.

ಸಲ್ಲಿಸಿದ ಮೇಲೆ ಏನಾಗುತ್ತದೆ

ಅರ್ಜಿ ಸಲ್ಲಿಸಿದ ದಿನದಿಂದಲೇ ಎಲ್ಲವೂ ನಿಂತುಬಿಡುತ್ತದೆ ಎಂದುಕೊಳ್ಳಬೇಡಿ. ಹಳೆಯ ಕಾನೂನಿನಲ್ಲಿ ಮುಖ್ಯ ರಕ್ಷಣೆ ಸಿಗುವುದು ದಿವಾಳಿ ಘೋಷಣೆಯ ಆದೇಶವಾದ ಮೇಲೆ. ನಡುವಿನ ಕಾಲದಲ್ಲಿ ಡಿಕ್ರಿಯ ಮೇಲೆ ಬಂಧನವಾಗಿದ್ದರೆ 23ನೇ ಕಲಮಿನಡಿ ಬಿಡುಗಡೆ ಕೇಳಬಹುದು. ಆಸ್ತಿಯನ್ನು ನೋಡಿಕೊಳ್ಳಲು ಮಧ್ಯಂತರ ರಿಸೀವರ್ ನೇಮಕವಾಗಬಹುದು. ಸಾಲ ಕೊಟ್ಟವರಿಗೆಲ್ಲ ನೋಟಿಸು ಹೋಗುತ್ತದೆ. ವಿಚಾರಣೆಯ ದಿನ, ಬಂದ ಸಾಲದಾತರ ಎದುರಿನಲ್ಲಿಯೇ ನ್ಯಾಯಾಧೀಶರು ನಿಮ್ಮ ನಡವಳಿಕೆ, ವ್ಯವಹಾರ, ಆಸ್ತಿಯ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಅಶಕ್ತತೆಗೆ ಮೇಲ್ನೋಟದ ಆಧಾರವಿದೆಯೆಂದು ತೋರಿಸಿದರೆ ಆ ಹಂತಕ್ಕೆ ಸಾಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ನೆನಪಿಲ್ಲದ ಮೊತ್ತವನ್ನು ಊಹಿಸಿ ಹೇಳಬೇಡಿ.

ಘೋಷಣೆಯಾದ ಕ್ಷಣದಿಂದ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ. ಅದರ ಪರಿಣಾಮ ಅರ್ಜಿ ಸಲ್ಲಿಸಿದ ದಿನಕ್ಕೆ ಹಿಂದಕ್ಕೆ ಅನ್ವಯವಾಗುತ್ತದೆ. ಅಲ್ಲಿಂದ ಮುಂದೆ ಭದ್ರತೆಯಿಲ್ಲದ ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ದಾವೆ ಹೂಡುವಂತಿಲ್ಲ, ಆಸ್ತಿಯ ಮೇಲೆ ಬೀಳುವಂತಿಲ್ಲ. ಬೇರೆ ನ್ಯಾಯಾಲಯದಲ್ಲಿ ದಾವೆ ನಡೆಯುತ್ತಿದ್ದರೆ ಆದೇಶದ ದೃಢೀಕೃತ ನಕಲನ್ನು ಅಲ್ಲಿಗೆ ಹಾಜರುಪಡಿಸಬೇಕು. ಹಾಗೆ ಮಾಡದಿದ್ದರೆ ಅಲ್ಲಿನ ನ್ಯಾಯಾಧೀಶರಿಗೆ ವಿಷಯ ತಿಳಿಯುವುದಿಲ್ಲ. ಬಂಧನದ ಭಯವಿದ್ದರೆ 31ನೇ ಕಲಮಿನಡಿ ರಕ್ಷಣಾ ಆದೇಶಕ್ಕೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು, ಅದು ತಾನಾಗಿ ಬರುವುದಿಲ್ಲ. ಒಬ್ಬೊಬ್ಬರಾಗಿ ಮನೆಗೆ ಬಂದು ಕಾಡುತ್ತಿದ್ದವರೆಲ್ಲ ಈಗ ಒಂದೇ ಪಟ್ಟಿಯಲ್ಲಿ ತಮ್ಮ ಸಾಲಕ್ಕೆ ಪುರಾವೆ ಕೊಟ್ಟು, ಬಂದ ಹಣದಲ್ಲಿ ಪಾಲಿಗೆ ಕಾಯಬೇಕಾಗುತ್ತದೆ. ಈ ಕಾನೂನಿನ ದೊಡ್ಡ ಉಪಕಾರ ಇದೇ ಎಂದು ನಾನು ಭಾವಿಸುತ್ತೇನೆ.

ಈ ಅವಧಿಯಲ್ಲಿ ಕೆಲವು ಕಟ್ಟುಪಾಡುಗಳಿವೆ. ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆಯುವುದು ಆರು ತಿಂಗಳವರೆಗೆ ಸೆರೆಗೆ ಗುರಿಮಾಡುವ ಅಪರಾಧ. ಕಿರಾಣಿ ಅಂಗಡಿಯ ಉದ್ದರಿಯೂ ಈ ಮೊತ್ತವನ್ನು ಮೀರುವುದರಿಂದ ಎಚ್ಚರ ಬೇಕು. ಸ್ಥಳೀಯ ಸಂಸ್ಥೆಗೆ, ವಿಧಾನಸಭೆಗೆ, ಸಂಸತ್ತಿಗೆ ಆಯ್ಕೆಯಾಗಲು ಅರ್ಹತೆ ಇರುವುದಿಲ್ಲ. ಸರ್ಕಾರಿ ನೌಕರರು ಇಂಥ ಪ್ರಕರಣವನ್ನು ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಹೊಸದಾಗಿ ಬಂದ ಆಸ್ತಿ, ಉದಾಹರಣೆಗೆ ತಂದೆ ತೀರಿಕೊಂಡು ಬಂದ ಪಾಲು, ಅದೂ ರಿಸೀವರ್ ವಶಕ್ಕೆ ಸೇರುತ್ತದೆ.

ಋಣಮುಕ್ತಿ ಆದೇಶ

ಇಡೀ ಪ್ರಕ್ರಿಯೆಯ ಗುರಿ ಋಣಮುಕ್ತಿ, ಮತ್ತು ಹೆಚ್ಚು ಜನ ಎಡವುವುದೂ ಇಲ್ಲಿಯೇ. ಘೋಷಣೆಯ ಆದೇಶದಲ್ಲಿ ನ್ಯಾಯಾಲಯ ಒಂದು ಗಡುವು ಹಾಕಿರುತ್ತದೆ. ಆ ಅವಧಿಯೊಳಗೆ ಋಣಮುಕ್ತಿಗೆ ಸಾಲಗಾರನೇ ಅರ್ಜಿ ಕೊಡಬೇಕು. ವಸೂಲಿಗಾರರ ಕಾಟ ನಿಂತಿತಲ್ಲ ಎಂಬ ನೆಮ್ಮದಿಯಲ್ಲಿ ಅದನ್ನು ಮರೆತರೆ ದಿವಾಳಿ ಘೋಷಣೆಯೇ ರದ್ದಾಗುತ್ತದೆ, ಸಾಲವೆಲ್ಲ ಮತ್ತೆ ಎದ್ದು ನಿಲ್ಲುತ್ತದೆ, ಮತ್ತು ನ್ಯಾಯಾಲಯದ ಅನುಮತಿಯಿಲ್ಲದೆ ಎರಡನೆಯ ಬಾರಿ ಅರ್ಜಿ ಹಾಕುವಂತಿಲ್ಲ. ಆದೇಶ ಕೈಗೆ ಬಂದ ದಿನವೇ ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಗಡುವು ಹತ್ತಿರವಾಗುತ್ತಿದ್ದರೆ ವಿಸ್ತರಣೆಗೆ ಮೊದಲೇ ಕೇಳಿಕೊಳ್ಳಿ.

ಋಣಮುಕ್ತಿ ಕೇಳಿದಾಗ ನ್ಯಾಯಾಲಯ ರಿಸೀವರ್ ವರದಿ ನೋಡಿ, ಸಾಲಗಾರನ ನಡತೆಯನ್ನು ಅಳೆಯುತ್ತದೆ. ಭದ್ರತೆಯಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟಾದರೂ (50 ಪೈಸೆ) ಆಸ್ತಿ ಇಲ್ಲದಿದ್ದರೆ ಪೂರ್ಣ ಋಣಮುಕ್ತಿ ಕೊಡಬಾರದೆಂದು 42ನೇ ಕಲಂ ಹೇಳುತ್ತದೆ. ನಮ್ಮ ದರ್ಜಿಯ ಬಳಿ 7,05,000ಕ್ಕೆ ಎದುರಾಗಿ ಇರುವುದು ಮುಂಗಡ, ಜಾಗದ ಪಾಲು, ಬ್ಯಾಂಕಿನ ಹಣ ಸೇರಿ 3,06,000. ರೂಪಾಯಿಗೆ ಸುಮಾರು 43 ಪೈಸೆ. ಎಂಟಾಣೆಗೆ ಕಡಿಮೆಯಾಯಿತು. ಆದರೆ ಅದೇ ಕಲಂ ಒಂದು ಬಾಗಿಲನ್ನು ತೆರೆದಿಟ್ಟಿದೆ: ಈ ಕೊರತೆಗೆ ತಾನು ಹೊಣೆಯಲ್ಲದ ಸಂದರ್ಭಗಳು ಕಾರಣವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿದರೆ ಆ ಅಡ್ಡಿ ಇರುವುದಿಲ್ಲ. ಮನೆಯವರ ಶಸ್ತ್ರಚಿಕಿತ್ಸೆಯ ಬಿಲ್ಲು, ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿಯ ಬಾಡಿಗೆ ರಸೀದಿ, ನೆರೆಯಲ್ಲಿ ನೆನೆದ ಬಟ್ಟೆಯ ಲೆಕ್ಕ ಬೆಲೆಬಾಳುವುದು ಇಲ್ಲಿಯೇ.

ಲೆಕ್ಕಪುಸ್ತಕ ಇಡದೇ ಇದ್ದದ್ದು, ತೀರಿಸುವ ನಿರೀಕ್ಷೆಯೇ ಇಲ್ಲದೆ ಸಾಲ ಪಡೆದದ್ದು, ಜೂಜು ಅಥವಾ ದುಂದುವೆಚ್ಚ, ದುಡುಕಿನ ಸಟ್ಟಾ ವ್ಯವಹಾರ, ವಂಚನೆ ಇವು ಸಾಬೀತಾದರೂ ಪೂರ್ಣ ಋಣಮುಕ್ತಿ ಸಿಗುವುದಿಲ್ಲ. ಆನ್‌ಲೈನ್ ಜೂಜಿನಲ್ಲಿ ಹಣ ಕಳೆದ ಯುವಕರು ಇದನ್ನು ಮೊದಲೇ ತಿಳಿದಿರಬೇಕು. ಅದನ್ನು ಬಚ್ಚಿಡುವುದು ಇನ್ನೂ ಕೆಡುಕು, ಏಕೆಂದರೆ ಯುಪಿಐ ಪಾವತಿಯ ದಾಖಲೆ ಬ್ಯಾಂಕಿನ ಲೆಕ್ಕದಲ್ಲಿ ಸಾಲುಸಾಲಾಗಿ ಇರುತ್ತದೆ. ನ್ಯಾಯಾಲಯ ಋಣಮುಕ್ತಿಯನ್ನು ನಿರಾಕರಿಸುವುದಷ್ಟೇ ಅಲ್ಲ, ಕೆಲಕಾಲ ತಡೆಹಿಡಿಯಬಹುದು, ಅಥವಾ ಮುಂದಿನ ಗಳಿಕೆಯಲ್ಲಿ ಇಂತಿಷ್ಟು ಕಟ್ಟಬೇಕೆಂಬ ಷರತ್ತಿನ ಮೇಲೆ ಕೊಡಬಹುದು. ಸಾಲದಾತರಲ್ಲಿ ಹೆಚ್ಚಿನವರು, ಸಾಲದ ಮೊತ್ತದಲ್ಲಿ ನಾಲ್ಕನೇ ಮೂರು ಭಾಗದವರು ಒಪ್ಪಿದರೆ ನಡುವೆಯೇ ರಾಜಿ ಯೋಜನೆಯೊಂದನ್ನು ನ್ಯಾಯಾಲಯದ ಒಪ್ಪಿಗೆ ಪಡೆದು ಮುಗಿಸಿಕೊಳ್ಳಲೂಬಹುದು. ಇದೆಲ್ಲ ಮುಗಿಯಲು ವರ್ಷಗಳೇ ಹಿಡಿಯಬಹುದು.

ಋಣಮುಕ್ತಿ ಆದೇಶವಾದ ಬಳಿಕ ಅದರ ದೃಢೀಕೃತ ನಕಲುಗಳನ್ನು ಹಲವು ಪ್ರತಿ ತೆಗೆದಿಟ್ಟುಕೊಳ್ಳಿ. ಪಟ್ಟಿಯಲ್ಲಿದ್ದ ಪ್ರತಿ ಸಾಲದಾತರಿಗೆ ನೋಂದಾಯಿತ ಅಂಚೆಯಲ್ಲಿ ಒಂದೊಂದು ಕಳುಹಿಸಿ, ಪ್ರಾಮಿಸರಿ ನೋಟು ಮತ್ತು ಬಳಸದ ಚೆಕ್ಕುಗಳನ್ನು ಹಿಂದಿರುಗಿಸುವಂತೆ ಬರೆದು ಕೇಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕು ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಾಲದ ವರದಿಯನ್ನು ತರಿಸಿ ನೋಡಿ, ತೀರಿದ ಸಾಲ ಇನ್ನೂ ಬಾಕಿಯೆಂದು ಕಾಣುತ್ತಿದ್ದರೆ ಆದೇಶದ ನಕಲಿನೊಂದಿಗೆ ದೂರು ಕೊಡಿ. ಅದನ್ನು 30 ದಿನಗಳಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.